ಮಿಕು ಹಾಡುಗಳನ್ನು ಎಲ್ಲಿಂದ ಶುರು ಮಾಡಲಿ?

ದಾವಣಗೆರೆಯಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿರುವ ಓದುಗರೊಬ್ಬರ ಪತ್ರ ಬಂದಿದೆ. ಹಾಸ್ಟೆಲಿನ ಗೆಳತಿ ಹತ್ಸುನೆ ಮಿಕು ಎಂಬ ಜಪಾನಿನ ಕಂಪ್ಯೂಟರ್ ಗಾಯಕಿಯ ಹಾಡೊಂದನ್ನು ಕೇಳಿಸಿದಳಂತೆ, ಮೂರು ದಿನ ಅದೇ ಗುಂಗಂತೆ. ರಜೆಗೆ ಊರಿಗೆ ಹೋದಾಗ ಅಪ್ಪನಿಗೂ ಕೇಳಿಸಿದರೆ, ಅವರು 'ಹಾಡೋರೇ ಇಲ್ಲ ಅಂದ್ಮೇಲೆ ಅದೆಂಥ ಹಾಡು?' ಎಂದುಬಿಟ್ಟರಂತೆ. ಅಪ್ಪನಿಗೆ ಏನು ಹೇಳಲಿ, ಇಂಥ ಹಾಡು ಸಾವಿರಗಟ್ಟಲೆ ಇವೆಯಲ್ಲ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಅಪ್ಪನದು ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ. ಹಾಡುವವರು ಇಲ್ಲ ಎನ್ನುವುದು ಅರ್ಧ ಮಾತ್ರ ನಿಜ. ಆ ದನಿ ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯದು. ಅವರ ಉಚ್ಚಾರಣೆಯನ್ನು ಧ್ವನಿಮುದ್ರಿಸಿ, ಚೂರು ಚೂರಾಗಿ ಬಿಡಿಸಿ, ಬೇಕಾದ ಹಾಗೆ ಪೋಣಿಸಿಕೊಳ್ಳುವಂತೆ ಮಾಡಿದ ಸಾಫ್ಟ್‌ವೇರ್ ಯಮಹಾ ಕಂಪನಿಯ ವೊಕಲಾಯ್ಡ್. ಈ ದನಿಯನ್ನು ಜಪಾನಿನ ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪನಿ 2007ರ ಆಗಸ್ಟ್ 31ರಂದು ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ತಂದಿತು. ಪೆಟ್ಟಿಗೆಯ ಮೇಲೆ ಎರಡು ಉದ್ದ ಜುಟ್ಟು ಬಿಟ್ಟ, ಹಸಿರುನೀಲಿ ಕೂದಲಿನ ಹದಿನಾರರ ಹುಡುಗಿ. ಅವಳೇ ಮಿಕು.

ಹೋದ ವರ್ಷ ನನ್ನ ಅಕ್ಕನ ಮಗ ಮಿಕುವಿನಿಂದ ಹಾಡಿಸುವ ಈ ಕೆಲಸ ಮಾಡುವಾಗ ಪಕ್ಕದಲ್ಲೇ ಕೂತು ನೋಡಿದೆ. ಪರದೆಯ ಎಡಬದಿಯಲ್ಲಿ ಹಾರ್ಮೋನಿಯಂ ಮನೆಗಳನ್ನು ಎತ್ತಿ ನಿಲ್ಲಿಸಿದ ಹಾಗೆ ಒಂದು ಸಾಲು. ಅದರ ಮುಂದೆ ಚೌಕಳಿ ಹಾಳೆ, ಹಾಳೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳು. ಒಂದು ಪಟ್ಟಿ ಎಂದರೆ ಒಂದು ಸ್ವರ, ಅದರ ಮೇಲೆ ಒಂದು ಜಪಾನಿ ಅಕ್ಷರ. ಮೊದಲ ಸಲ ಕೇಳಿಸಿದಾಗ ದನಿ ಮೆಟ್ಟಿಲು ಹತ್ತಿದಂತೆ ಠಕ್ ಠಕ್ ಎಂದು ಹೋಯಿತು. ಗಮಕ ಕೇಳಿ ಬೆಳೆದ ಕಿವಿಗೆ ಅದು ಸಪ್ಪೆ. ಆಮೇಲೆ ಅವನು ಮೌಸ್ ಹಿಡಿದು ಸ್ವರದ ಅಂಚನ್ನು ಕೊಂಚ ಬಾಗಿಸಿದ, ಸಾಲಿನ ಕೊನೆಗೆ ಒಂಚೂರು ಉಸಿರು ಸೇರಿಸಿದ. ನಾಲ್ಕು ಸೆಕೆಂಡಿನ ಒಂದು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕೇಳಿದ ದನಿಯಲ್ಲಿ ಒಂದು ಅಳುಕಿತ್ತು. ಆ ಅಳುಕು ಯಂತ್ರದ್ದಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗನದು. ನಿಮ್ಮ ಅಪ್ಪನಿಗೆ ನಾನು ಹೇಳುವುದು ಇಷ್ಟೇ: ಗಂಟಲು ಇಲ್ಲದಿರಬಹುದು, ಹಾಡುವವರು ಇದ್ದಾರೆ.

ಜಪಾನಿ ಭಾಷೆ ಇದಕ್ಕೆ ಚೆನ್ನಾಗಿ ಒದಗಿಬರುತ್ತದೆ. ಅಲ್ಲಿಯ ಅಕ್ಷರ ಹೆಚ್ಚುಕಡಿಮೆ ನಮ್ಮ ಕಾಗುಣಿತದ ಅಕ್ಷರದಂತೆ, ವ್ಯಂಜನದ ಬೆನ್ನಿಗೇ ಸ್ವರ. ಇಂಗ್ಲಿಷಿನಲ್ಲಿ ಮೂರು ನಾಲ್ಕು ವ್ಯಂಜನ ಒಟ್ಟಿಗೆ ಬಂದು ಗುದ್ದಾಡುತ್ತವೆ, ಅದಕ್ಕೆ ಧ್ವನಿಚೂರುಗಳೂ ಬಹಳ ಬೇಕು. ಜಪಾನಿ ಅಕ್ಷರಗಳ ಸಾಲು ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧರ ಸಿದ್ಧಂ ಲಿಪಿಯ ಜೊತೆ ಭಾರತದಿಂದ ಹೋದ ಕ್ರಮ ಅದು. ನಿಮ್ಮ ಕಿವಿಗೆ ಆ ಹಾಡು ಅಷ್ಟು ಬೇಗ ಅಂಟಿಕೊಂಡದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇನ್ನು ಹಾಡುಗಳು. ಮೊದಲು 'ಮೆಲ್ಟ್' ಕೇಳಿ. 2007ರ ಡಿಸೆಂಬರಿನಲ್ಲಿ ರಿಯೊ ಎಂಬ ಹೆಸರಿನಲ್ಲಿ ಬರೆಯುವವರು ನಿಕೊನಿಕೊ ಎಂಬ ಜಪಾನಿ ವಿಡಿಯೊ ತಾಣಕ್ಕೆ ಹಾಕಿದ್ದು. ಹುಡುಗಿ ಮುಂಗುರುಳು ಕತ್ತರಿಸಿಕೊಂಡು ಹೊರಟಿದ್ದಾಳೆ, ಮಳೆ ಬಂದಿದೆ, ಇಷ್ಟಪಟ್ಟ ಹುಡುಗನ ಜೊತೆ ಒಂದೇ ಕೊಡೆಯಡಿ ನಡೆಯಬೇಕಾಗಿದೆ. ಅಷ್ಟೇ ಕಥೆ. ಅದಕ್ಕೆ ಮುಂಚಿನ ಎಷ್ಟೋ ಹಾಡುಗಳಲ್ಲಿ ಮಿಕು ತಾನು ಯಂತ್ರ ಎಂದೇ ಹಾಡುತ್ತಿದ್ದಳು. ಇಲ್ಲಿ ಅವಳು ಯಾವುದೋ ಬೀದಿಯ ಯಾವುದೋ ಹುಡುಗಿ. ಇದನ್ನು ಕೇಳಿದ ಎಷ್ಟೋ ಮಂದಿ ತಾವೂ ಹಾಡಿ ಅದೇ ತಾಣಕ್ಕೆ ಹಾಕಿದರು. ಹಾಗೆ ಹಾಕುವುದಕ್ಕೆ ಜಪಾನಿಯಲ್ಲಿ 'ಉತಾತ್ತೆ ಮಿತಾ' ಎನ್ನುತ್ತಾರೆ. ಉತಾತ್ತೆ ಎಂದರೆ ಹಾಡಿ, ಮಿತಾ ಎಂದರೆ ನೋಡಿದೆ. ಕನ್ನಡದ 'ಹಾಡಿ ನೋಡಿದೆ', ಪದಕ್ಕೆ ಪದ ಅದೇ!

ಆಮೇಲೆ ವೊವಾಕಾ ಎಂಬವರು ಮಿಕುವಿಗೆ ಬರೆದ ಹಾಡುಗಳು. ನನಗೆ ಇವರ ಮೇಲೆ ಹೆಚ್ಚು ಪ್ರೀತಿ. 2010ರ 'ರೋಲಿಂಗ್ ಗರ್ಲ್' ಉರುಳಿ ಬಿದ್ದು ಇನ್ನೊಂದು ಸಲ, ಇನ್ನೊಂದು ಸಲ ಎಂದು ಏಳುವವಳ ಹಾಡು. ಪಿಯಾನೋ ಒಂದೇ ಸಮನೆ ಓಡುತ್ತದೆ, ಮಾತುಗಳು ಉಸಿರಿಗೆ ಜಾಗ ಬಿಡುವುದಿಲ್ಲ. ಉಸಿರಾಡದ ದನಿಗೆಂದೇ ಬರೆದ ಹಾಡು, ಆದರೆ ಕೇಳುವವರ ಎದೆಯೇ ಬಿಗಿಯುತ್ತದೆ. ಪರೀಕ್ಷೆಯಲ್ಲಿ ಒಮ್ಮೆ ಸೋತವರಿಗೆ ಅದು ನೇರ ತಾಗುತ್ತದೆ. ಮುಂದೆ ಅವರು ತಂಡ ಕಟ್ಟಿ ತಾವೇ ಹಾಡಿದರು. 2019ರ ಏಪ್ರಿಲಿನಲ್ಲಿ ತೀರಿಕೊಂಡಾಗ ವಯಸ್ಸು ಬರೀ 31.

ಹಚಿ ಎಂಬ ಹೆಸರಿನಲ್ಲಿ ಮಿಕುವಿಗೆ ಹಾಡು ಬರೆಯುತ್ತಿದ್ದ ಹುಡುಗನೇ ಇಂದು ಜಪಾನಿನ ದೊಡ್ಡ ಗಾಯಕ ಕೆನ್ಶಿ ಯೊನೆಜು. ಅವರ 'ಮಾತ್ರಿಯೋಷ್ಕಾ' (2010) ಮತ್ತು 2017ರ 'ಸುನಾ ನೊ ವಾಕುಸೆಯ್', ಎಂದರೆ ಮರಳಿನ ಗ್ರಹ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ನಡುವೆ ಏಳು ವರ್ಷ ಕಳೆದದ್ದು ಕೇಳಿಸುತ್ತದೆ. ಇಂಥ ದನಿ ಮಿಕು ಒಬ್ಬಳದೇ ಅಲ್ಲ ಎಂದು ತಿಳಿಯಲು 'ಶಾರುರು' (2016) ಕೇಳಿ. ಅದರಲ್ಲಿ ಫ್ಲವರ್ ಎಂಬ ಒರಟು ದನಿ ಇದೆ. ತೀರ ಹೊಸದು ಬೇಕೆಂದರೆ 2024ರ 'ಮೆಸ್ಮರೈಸರ್'. ಅದರಲ್ಲಿ ಮಿಕು ಜೊತೆ ಕಸಾನೆ ತೆತೊ ಹಾಡುತ್ತಾಳೆ. ಈ ತೆತೊ 2008ರಲ್ಲಿ ಏಪ್ರಿಲ್ ಫೂಲ್ ತಮಾಷೆಗೆಂದು ಹುಟ್ಟಿದವಳು. ಜನ ಅವಳನ್ನು ಕೈಬಿಡಲಿಲ್ಲ.

ಒಂದು ಮಾತು ಹೇಳಲೇಬೇಕು. ಈ ಹಾಡುಗಳಲ್ಲಿ ಒಂಟಿತನ, ಶಾಲೆಯಲ್ಲಿ ಪಟ್ಟ ಪಾಡು, ಸಾವಿನ ಯೋಚನೆ ಮತ್ತೆ ಮತ್ತೆ ಬರುತ್ತವೆ. ರಾಗ ಕುಣಿಯುವಂತಿದ್ದರೂ ಸಾಹಿತ್ಯ ಹಾಗಿರುವುದಿಲ್ಲ. ಅನುವಾದ ಓದಿಕೊಂಡು ಕೇಳಿ. ಮನಸ್ಸು ಭಾರವಾಗಿರುವ ರಾತ್ರಿ ಒಬ್ಬರೇ ಕೇಳುತ್ತ ಕೂರಬೇಡಿ, ಆ ಗೆಳತಿಯನ್ನೂ ಕರೆದುಕೊಳ್ಳಿ.

ಅಪ್ಪನಿಗೆ ಬೇರೆಯದೇ ಕೇಳಿಸಬೇಕು. ಇಸಾವೊ ತೊಮಿತಾ ಎಂಬ ಹಿರಿಯ ಸಂಗೀತ ಸಂಯೋಜಕರು ತಮ್ಮ 80ನೇ ವಯಸ್ಸಿನಲ್ಲಿ, 2012ರ ನವೆಂಬರಿನಲ್ಲಿ, ಟೋಕಿಯೊದಲ್ಲಿ ದೊಡ್ಡ ವಾದ್ಯವೃಂದ ಮತ್ತು ಮೇಳದವರ ನಡುವೆ ಮಿಕುವನ್ನು ಹಾಡಿಸಿದರು. ಕವಿ ಕೆಂಜಿ ಮಿಯಾಜಾವಾ ಅವರ ಕಲ್ಪನೆಯ ಇಹತೊವ್ ನಾಡಿನ ಮೇಲಿನ ಸಿಂಫನಿ ಅದು. ಅದು ಉದ್ದವಾಯಿತು ಅಂದರೆ 'ಸೆಂಬೊನ್‌ಜಾಕುರಾ' ಹಾಕಿ. 2011ರಲ್ಲಿ ಮಿಕುವಿಗೆಂದು ಬರೆದ ಆ ಹಾಡನ್ನು, 2015ರ ಡಿಸೆಂಬರ್ 31ರ ರಾತ್ರಿ, ಜಪಾನಿನ ಮನೆಮಂದಿಯೆಲ್ಲ ಕೂತು ನೋಡುವ ಟಿವಿ ಕಾರ್ಯಕ್ರಮದಲ್ಲಿ ಹಾಡಿದವರು ಸಾಚಿಕೊ ಕೊಬಾಯಾಶಿ, ಹಳೆಯ ಎಂಕಾ ಶೈಲಿಯ ಗಾಯಕಿ. ಆಗ ಅವರಿಗೆ 62 ವರ್ಷ. ಮೊದಲು ಅವರದ್ದು ಕೇಳಿಸಿ, ಆಮೇಲೆ ಮಿಕುವಿನದು. ಊಟ ಆದಮೇಲೆ, ಇಯರ್‌ಫೋನ್ ಬೇಡ, ಸ್ಪೀಕರಿನಲ್ಲೇ ಹಾಕಿ. ಅಪ್ಪ ಏನಂದರು ಅಂತ ತಪ್ಪದೆ ಬರೆಯಿರಿ.

— ಸಂಪಾದಕ