ಬೆನ್ನು ಏಳುತ್ತಿರುವ ಅಲ್ಡಾಬ್ರಾ ಆಮೆಮರಿಗೆ ಕ್ಯಾಲ್ಸಿಯಂ ಅಲ್ಲ, ತೇವ ಬೇಕು

ಅಮೆರಿಕದ ಫೀನಿಕ್ಸ್‌ನಿಂದ, ಚಿಪ್ಪಿನ ಫಲಕಗಳು ಗೋಪುರದಂತೆ ಏಳುತ್ತಿರುವ ಅಲ್ಡಾಬ್ರಾ ದೈತ್ಯ ಆಮೆಯ ಮರಿಯ ಫೋಟೊ ಹಾಕಿ “ಕ್ಯಾಲ್ಸಿಯಂ ಇನ್ನೆಷ್ಟು ಹೆಚ್ಚಿಸಲಿ” ಎಂದು ಕೇಳಿದವರೇ, ಮೊದಲು ಆ ಡಬ್ಬಿಯನ್ನು ಬದಿಗಿಡಿ. ಫೋಟೊದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಮೇಲ್ಭಾಗ ತೆರೆದ ಪೆಟ್ಟಿಗೆ, ಒಣ ಮರಳು, ರಾತ್ರಿಯೂ ಉರಿಯುವ ಕೆಂಪು ದೀಪ. ಇದೇ ಏರ್ಪಾಡಿನಲ್ಲಿ ಬೆಳೆದ ನನ್ನ ಮೊದಲ ಆಮೆ ಇಂದಿಗೂ ಫ್ಲೋರಿಡಾದ ನಮ್ಮ ಹಿತ್ತಲಿನಲ್ಲಿ ಬೆನ್ನ ಮೇಲೆ ಮೊಟ್ಟೆಯ ಟ್ರೇ ಹೊತ್ತಂತೆ ಓಡಾಡುತ್ತಿದೆ. ಪಿರಮಿಡ್‌ನಂತೆ ಎದ್ದ ಚಿಪ್ಪು ಮತ್ತೆ ಇಳಿಯುವುದಿಲ್ಲ. ಫಲಕಗಳ ನಡುವೆ ಬಿಳಿ ಗೆರೆಯಾಗಿ ಕಾಣುವ ಹೊಸ ಬೆಳವಣಿಗೆಯನ್ನಷ್ಟೇ ಸಮವಾಗಿ ತರಬಹುದು, ಅದಕ್ಕೂ ಈಗಲೇ ಶುರು ಮಾಡಬೇಕು.

ಮೇಲೆ ಒಬ್ಬರು ಪ್ರೋಟೀನ್ ಹೆಚ್ಚಾಗಿದೆ ಎಂದಿದ್ದಾರೆ. ಆಫ್ರಿಕಾದ ಸುಲ್ಕಾಟಾ ಆಮೆಯ ಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆನ್ನು ಏಳುವುದಕ್ಕೆ ಪ್ರೋಟೀನ್‌ಗಿಂತ ಗಾಳಿಯ ಒಣತನವೇ ದೊಡ್ಡ ಕಾರಣವಾಗಿ ಕಂಡಿತ್ತು. ಇವುಗಳ ತವರಾದ ಸೇಶೆಲ್ಸ್‌ನ ಅಲ್ಡಾಬ್ರಾ ದ್ವೀಪದಲ್ಲಿ ಮರಿಗಳು ಮೊಟ್ಟೆಯೊಡೆದು ಬರುವುದೇ ಮಳೆಗಾಲ ಶುರುವಾಗುವ ಹೊತ್ತಿಗೆ. ದೊಡ್ಡ ಆಮೆಗಳು ಬಯಲಿನಲ್ಲಿ ಮೇಯುವ ವಿಡಿಯೊ ನೋಡಿ ಮರಿಗೂ ಬಿಸಿಲು ಬಯಲೇ ಬೇಕು ಎಂದುಕೊಳ್ಳುವವರಿಗೆ ಏನು ಹೇಳುವುದು? ಮರಿಗಳು ಕಲ್ಲುಸಂದಿಗಳಲ್ಲಿ, ಪೊದೆಯ ಬುಡದಲ್ಲಿ ಅಡಗಿ ದಿನ ಕಳೆಯುತ್ತವೆ.

ನನ್ನ ಪದ್ಧತಿ ಮುಚ್ಚಿದ ಪೆಟ್ಟಿಗೆ. ದೀಪ, ಹೀಟರ್ ಎಲ್ಲವೂ ಒಳಗೆ, ಮೇಲೆ ಮುಚ್ಚಳ. ಮುಚ್ಚಳದಲ್ಲಿ ಜಾಲರಿ ಇಟ್ಟರೆ ತೇವವೆಲ್ಲ ಚಿಮಣಿಯಲ್ಲಿ ಹೋದ ಹಾಗೆಯೇ ಹೋಯಿತು. ಪಿವಿಸಿ ಹಲಗೆಯದ್ದು ಮಾಡಿಸಿ, ಪ್ಲೈವುಡ್ ವರ್ಷದೊಳಗೆ ಊದಿಕೊಳ್ಳುತ್ತದೆ. ತಳಕ್ಕೆ ನಾಲ್ಕು ಬೆರಳು ಕೋಕೋಪಿಟ್, ಅದರ ಮೇಲೆ ಆರ್ಕಿಡ್‌ಗೆ ಹಾಕುವ ಮರದ ತೊಗಟೆ. ಬೆಚ್ಚಗಿನ ನೀರನ್ನು ಮೂಲೆಗಳಲ್ಲಿ ಸುರಿಯಿರಿ. ತಳ ಒದ್ದೆಯಾಗಿರಬೇಕು, ಮರಿ ಮಲಗುವ ಮೇಲ್ಪದರ ಬೆರಳಿಗೆ ಆರಿದಂತಿರಬೇಕು. ಮೇಲ್ಪದರವೂ ಕೆಸರಾದರೆ ಹೊಟ್ಟೆಚಿಪ್ಪು ಕೊಳೆಯುತ್ತದೆ, ವಾರಕ್ಕೊಮ್ಮೆಯಾದರೂ ಎತ್ತಿ ನೋಡಿ. ತೇವಾಂಶ ಶೇಕಡಾ 80ರ ಆಸುಪಾಸು, ಉಷ್ಣತೆ ರಾತ್ರಿಯೂ 26 ಡಿಗ್ರಿಗಿಂತ ಕೆಳಗಿಳಿಯಬಾರದು. ಇದನ್ನು ಎರಡು ಸಲ ಓದಿ. ಒದ್ದೆ ಮತ್ತು ತಣ್ಣಗೆ ಒಟ್ಟಿಗೆ ಬಂದರೆ ಮೂಗು ಸುರಿಯುತ್ತದೆ, ಆಮೇಲೆ ನ್ಯುಮೋನಿಯಾ. ಒಣ ಮರಿ ಕುರೂಪವಾಗುತ್ತದೆ, ತಣ್ಣಗಿನ ಒದ್ದೆ ಮರಿ ಸಾಯುತ್ತದೆ. ರಾತ್ರಿಗೆ ಕೆಂಪು ದೀಪ ಬೇಡ, ಬೆಳಕಿಲ್ಲದ ಸೆರಾಮಿಕ್ ಹೀಟರ್ ಸಾಕು. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕುವವರ ಜೊತೆ ನನಗೆ ಮಾತಿಲ್ಲ.

ಬೆಳಿಗ್ಗೆ ಗದ್ದದ ಮಟ್ಟಕ್ಕಿಂತ ಕೆಳಗೆ ಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ಕೂರಿಸಿ. ಇದು ಪೆಟ್ಟಿಗೆಗೆ ಬದಲಿಯಲ್ಲ, ಜೊತೆಗೆ.

ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣಕ್ಕೆ ಉದ್ದನೆಯ, ತೆಳ್ಳನೆಯ ಟಿ5 ಟ್ಯೂಬೇ ಆಗಬೇಕು. ಕಂಪನಿ ಆರ್ಕೇಡಿಯಾ ಆದರೂ ಸರಿ, ಝೂ ಮೆಡ್ ಆದರೂ ಸರಿ, ಆ ಜಗಳ ನನಗೆ ಬೇಡ. ಸುರುಳಿ ಬಲ್ಬು ಮಾತ್ರ ಬೇಡ. ಮಜೂರಿ ಕಂಪನಿಯ ಒಣ ಆಮೆ ಆಹಾರವನ್ನು ನೆನೆಸಿ ಅಪರೂಪಕ್ಕೆ ಕೊಡಿ. ದಿನವೂ ಕೊಟ್ಟರೆ ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಮೆರಿಕದ ಅಂಗಳಗಳಲ್ಲಿ ಬರ್ಮುಡಾ ಹುಲ್ಲು ಎಂದು ಬೆಳೆಸುವುದು ನಮ್ಮ ಗಣಪತಿಯ ಗರಿಕೆಯನ್ನೇ, ಔಷಧಿ ಹೊಡೆಯದಿದ್ದರೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ದಾಸವಾಳ, ಹಿಪ್ಪುನೇರಳೆ ಎಲೆ, ಮುಳ್ಳು ಸವರಿದ ಪಾಪಾಸುಕಳ್ಳಿಯೂ ಆಗುತ್ತದೆ. ಆದರೆ ನಿಮ್ಮ ಎರಡನೆಯ ಫೋಟೊದಲ್ಲಿ ಬೇಲಿಗೆ ನೆಟ್ಟಿರುವುದು ಕಣಗಿಲೆ ಅಲ್ಲವೇ? ಪೂಜೆಗೆ ಹೂವು ಬೇಕಾದರೆ ಬೇರೆ ನೋಡಿಕೊಳ್ಳಿ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಮರಿ ಹೊರಗೆ ಬರುವ ಮೊದಲು ಬುಡಸಮೇತ ತೆಗೆಯಿರಿ.

ಮುಂದೆ ದೊಡ್ಡದಾದ ಮೇಲೂ ನಿಮ್ಮ ಊರಿನ ಬೇಸಿಗೆಯಲ್ಲಿ ಕೆಸರುಗುಂಡಿ ಮತ್ತು ಗಾಢ ನೆರಳು ಇಲ್ಲದೆ ಬಿಡಬೇಡಿ. ಅಲ್ಡಾಬ್ರಾದಲ್ಲೇ ಮಧ್ಯಾಹ್ನದೊಳಗೆ ನೆರಳು ಸೇರದ ಆಮೆ ಬಿಸಿಲಿಗೆ ಬೆಂದು ಸಾಯುತ್ತದೆ. ಕಾಲಿನ ಒಳಭಾಗ ಪರೀಕ್ಷಿಸಬೇಕಾದಾಗ ಹಿಂಗಾಲಿನ ಸಂದಿಯನ್ನು ಮೆಲ್ಲಗೆ ಕೆರೆಯಿರಿ. ಕತ್ತು ಚಾಚಿ ತಾನೇ ಎದ್ದು ನಿಲ್ಲುತ್ತದೆ. ಎತ್ತುವ ಸಾಹಸ ಬೇಡ, ಗಂಡು 250 ಕಿಲೊವರೆಗೆ ತೂಗಬಲ್ಲದು. ಉಯಿಲಿನಲ್ಲಿ ಆಮೆಗೊಂದು ಸಾಲು ಬರೆದಿಡಿ, ತಮಾಷೆಗಲ್ಲ, ಅದು ನಿಮಗಿಂತ ಹೆಚ್ಚು ಕಾಲ ಬದುಕಬಹುದು. ಸೇಂಟ್ ಹೆಲೆನಾ ದ್ವೀಪಕ್ಕೆ ಜೊನಾಥನ್ ಎಂಬ ಹೆಸರಾಂತ ದೈತ್ಯ ಆಮೆ ಬಂದದ್ದು 1882ರಲ್ಲಿ, ಆಗಲೇ ಅವನು ಪೂರ್ತಿ ಬೆಳೆದಿದ್ದ.

ಜೊತೆಗಿರಲಿ ಎಂದು ಇನ್ನೊಂದು ಮರಿ ತರುವ ಯೋಚನೆ ಬಿಡಿ. ಇಬ್ಬರಲ್ಲಿ ಒಬ್ಬ ದಬ್ಬುತ್ತಾನೆ, ಇನ್ನೊಬ್ಬ ಸೊರಗುತ್ತಾನೆ.

ಕೆಳಗೆ “ಬೆಂಗಳೂರಿನಲ್ಲಿ ಮರಿ ಎಲ್ಲಿ ಸಿಗುತ್ತದೆ” ಎಂದು ಕೇಳಿದವರಿಗೆ: ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯ ಪ್ರಾಣಿ ಇದು, ಕಾಗದಪತ್ರವಿಲ್ಲದ ಮರಿ ಎಂದರೆ ಕದ್ದದ್ದು ಅಥವಾ ಕಳ್ಳಸಾಗಣೆಯದ್ದು. ಮದ್ರಾಸ್ ಮೊಸಳೆ ಬ್ಯಾಂಕ್ ಎಂಬ ಸರೀಸೃಪ ಉದ್ಯಾನದಿಂದಲೇ ಒಂದು ಅಲ್ಡಾಬ್ರಾವನ್ನು ಕದ್ದೊಯ್ದ ಸುದ್ದಿ ಓದಿಲ್ಲವೇ? ನಕ್ಷತ್ರ ಆಮೆಯ ವಿಚಾರವನ್ನಂತೂ ಇಲ್ಲಿ ಎತ್ತಲೇಬೇಡಿ.

ಫೀನಿಕ್ಸ್‌ನವರು ಪೆಟ್ಟಿಗೆ ಮುಚ್ಚಿದ ಮೇಲೆ ಮರಿಯ ತೂಕ ಮತ್ತು ತೇವ ಅಳೆಯುವ ಹೈಗ್ರೋಮೀಟರ್‌ನ ಫೋಟೊ ಹಾಕಿ. ಡಿಜಿಟಲ್ ಮೀಟರೇ ಇರಲಿ, ನೆಲದ ಮಟ್ಟದಲ್ಲಿಟ್ಟು ತೆಗೆದದ್ದು. ಗೋಡೆಗೆ ಅಂಟಿಸುವ ಮುಳ್ಳಿನ ಮೀಟರ್‌ನ ಅಂಕಿ ನನಗೆ ಬೇಡ.