ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಬಿಪಿ ಯಾಕೆ ನೋಡಿಸಬೇಕು?

ನೀವು ಬದಿಯಡ್ಕದಿಂದ ಕೇಳಿದ್ದು: ಮಗಳು 32 ವಾರಕ್ಕೆ ಹುಟ್ಟಿದಳು, ಆಗ 1.6 ಕೆ.ಜಿ. ಈಗ ಮೂರು ವರ್ಷ, ಚುರುಕಾಗಿದ್ದಾಳೆ, ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಸರಿ ಇವೆ. ಆದರೂ ಮಂಗಳೂರಿನ ಡಾಕ್ಟರು ವರ್ಷಕ್ಕೊಮ್ಮೆ ಬಿಪಿ, ಮೂತ್ರ ನೋಡಿಸಿ ಅಂದದ್ದು ಯಾಕೆ?

ಅವರು ಹೇಳಿದ್ದು ಸರಿ. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಯ ಅಳತೆ, ಆಕಾರ, ಮೂತ್ರ ಕಟ್ಟಿಕೊಂಡಿದೆಯೇ ಎಂಬುದು ಕಾಣುತ್ತದೆ. ಒಳಗೆ ರಕ್ತ ಸೋಸುವ ನೆಫ್ರಾನ್‌ಗಳು ಎಷ್ಟಿವೆ ಎಂಬುದು ಕಾಣುವುದಿಲ್ಲ. ಒಂದು ಕಿಡ್ನಿಗೆ ಸರಾಸರಿ 9–10 ಲಕ್ಷ. ಆದರೆ 2 ಲಕ್ಷ ಇರುವವರೂ ಇದ್ದಾರೆ, 20 ಲಕ್ಷ ದಾಟಿದವರೂ ಇದ್ದಾರೆ. ಬಸಿರಿನ 9ನೇ ವಾರದ ಹೊತ್ತಿಗೆ ಶುರುವಾಗುವ ನೆಫ್ರಾನ್ ತಯಾರಿಯ ಕೆಲಸ 36ನೇ ವಾರಕ್ಕೆ ನಿಲ್ಲುತ್ತದೆ, ಅರ್ಧಕ್ಕಿಂತ ಹೆಚ್ಚು ತಯಾರಾಗುವುದು ಕೊನೆಯ ಮೂರು ತಿಂಗಳಲ್ಲೇ. ಬೇಗ ಹುಟ್ಟಿದ ಮಗುವಿನಲ್ಲಿ ಹೊರಗೆ ಬಂದ ಮೇಲೂ ಕೆಲವು ವಾರ ನಡೆಯುತ್ತದೆ, ಅಷ್ಟೇ. ಮತ್ತೆ ಒಂದೂ ಹೊಸದು ಹುಟ್ಟುವುದಿಲ್ಲ.

ಕಡಿಮೆ ಇದ್ದರೆ ಏನಾಗುತ್ತದೆ? ಹತ್ತು ಜನ ಸುಲಿಯಬೇಕಾದ ಅಡಿಕೆಯನ್ನು ಆರು ಜನ ಸುಲಿದ ಹಾಗೆ. ರಾಶಿ ಮುಗಿಯುತ್ತದೆ, ಕೈ ಹೋಗುತ್ತದೆ. ಇರುವ ನೆಫ್ರಾನ್‌ಗಳು ಊದಿಕೊಂಡು ಹೆಚ್ಚು ಒತ್ತಡದಲ್ಲಿ ಸೋಸುತ್ತವೆ, ವರ್ಷಗಳು ಕಳೆದಂತೆ ರಕ್ತದಲ್ಲಿರಬೇಕಾದ ಪ್ರೋಟೀನ್ ಆದ ಅಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ, ಕೆಲವು ಗಟ್ಟಿಯಾಗಿ ಸಾಯುತ್ತವೆ, ಉಳಿದವುಗಳ ಮೇಲೆ ಹೊರೆ ಇನ್ನೂ ಏರುತ್ತದೆ. ಅಪಘಾತದಲ್ಲಿ ತೀರಿಕೊಂಡವರ ಕಿಡ್ನಿಗಳಲ್ಲಿ ಎಣಿಸಿದ ಜರ್ಮನಿಯ 2003ರ ಅಧ್ಯಯನದಲ್ಲಿ ಬಿಪಿ ಇದ್ದವರಿಗೆ ಸುಮಾರು 7 ಲಕ್ಷ, ಇಲ್ಲದವರಿಗೆ 14 ಲಕ್ಷ ಇತ್ತು. ನಿಮ್ಮ ಮಗಳಿಗೆ ರೋಗ ಬಂದೇ ಬರುತ್ತದೆ ಅಂತ ಇದರ ಅರ್ಥವಲ್ಲ. ಕೈಯಲ್ಲಿ ಉಳಿತಾಯ ಕಡಿಮೆ, ಅಷ್ಟೇ.

ಬಿಪಿ ನೋಡುವಾಗ ತಪ್ಪುವುದು ತೋಳಿಗೆ ಸುತ್ತುವ ಪಟ್ಟಿಯಲ್ಲಿ. ದೊಡ್ಡವರ ಪಟ್ಟಿಯನ್ನೇ ಸುತ್ತಿದರೆ ಬಿಪಿ ಕಡಿಮೆ ತೋರುತ್ತದೆ, ತೀರಾ ಚಿಕ್ಕದಾದರೆ ಹೆಚ್ಚು. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80ರಿಂದ 100 ಶೇಕಡಾ ಸುತ್ತಬೇಕು. ಮಗು ಮೂರರಿಂದ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬಲಗೈಯಲ್ಲಿ ನೋಡಬೇಕು. ಇನ್ನೊಂದು ಮಾತು: ಮೂರು ವರ್ಷದವರಿಗೆ 120/80 ನಾರ್ಮಲ್ ಅಲ್ಲ, ಹೆಚ್ಚು. ವಯಸ್ಸು, ಎತ್ತರದ ಕೋಷ್ಟಕದೊಂದಿಗೆ ಹೋಲಿಸಲು ಕೇಳಿ.

ಮೂತ್ರ ಬೆಳಿಗ್ಗೆ ಎದ್ದ ಕೂಡಲೇ ಹೋದದ್ದೇ ಆಗಬೇಕು. ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 30 ಮಿ.ಗ್ರಾಂ/ಗ್ರಾಂ ಒಳಗಿದ್ದರೆ ಸಾಕು. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಪರೀಕ್ಷೆ ಮಾಡಿಸಿದರೆ ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿದ ದೊಡ್ಡವರ ಮಿತಿಯನ್ನು ನಂಬಬೇಡಿ. ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಲೆಕ್ಕ ಹೀಗೆ: ಸೆಂ.ಮೀ.ನಲ್ಲಿ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಿ. 95 ಸೆಂ.ಮೀ. ಎತ್ತರದ ಮಗುವಿಗೆ ಕ್ರಿಯಾಟಿನಿನ್ 0.9 ಮಿ.ಗ್ರಾಂ/ಡಿ.ಎಲ್. ಬಂದರೆ ಉತ್ತರ ಸುಮಾರು 44. ಇರಬೇಕಾದದ್ದು 90ರ ಮೇಲೆ. ಚೀಟಿಯಲ್ಲಿ ಮಾತ್ರ 'ನಾರ್ಮಲ್' ಅಂತಲೇ ಇರುತ್ತದೆ!

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ವಾಂತಿಭೇದಿ ಇರುವಾಗ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇರುವ ಸಿರಪ್ ಬೇಡವೇ ಬೇಡ. ನೀರು ಬತ್ತಿದಾಗ ಇವು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಮೆಡಿಕಲ್‌ನಲ್ಲಿ ಕೊಟ್ಟ ಬಾಟಲಿಯ ಹಿಂಬದಿ ಓದಿ.

ಉಪ್ಪು ದೊಡ್ಡವರಿಗೇ ದಿನಕ್ಕೆ 5 ಗ್ರಾಂ ದಾಟಬಾರದು, ಮಗುವಿಗೆ ಅದಕ್ಕಿಂತ ಕಡಿಮೆ. ಗಂಜಿಯ ಜೊತೆ ಉಪ್ಪಿನಕಾಯಿ ನೆಕ್ಕಿಸುವ ಅಭ್ಯಾಸ ಈಗಲೇ ಬಿಡಿ. ಉಪ್ಪುಸೊಳೆ, ಒಣಮೀನು ಮನೆಯಲ್ಲಿ ಮಾಡಿದರೆ ಚೆನ್ನಾಗಿ ನೆನೆಸಿ, ನೀರು ಚೆಲ್ಲಿ, ಅದೂ ಅಪರೂಪಕ್ಕೆ. ಆದರೆ ಕಿಡ್ನಿ ಅಂದ ಕೂಡಲೇ ಬೇಳೆ, ಮೊಟ್ಟೆ ನಿಲ್ಲಿಸುವವರಿದ್ದಾರೆ. ಬೆಳೆಯುವ ಮಗುವಿಗೆ ಅದು ಅನ್ಯಾಯ. ಸಣಕಲು ಅಂತ ತಿನ್ನಿಸಿ ತಿನ್ನಿಸಿ ದಪ್ಪ ಮಾಡುವುದೂ ಬೇಡ, ಮೈ ಬೆಳೆದಷ್ಟೂ ಅದೇ ನೆಫ್ರಾನ್‌ಗಳು ದುಡಿಯಬೇಕು. ಬಿಂಬುಳಿ ಸಾರಿಗೆ ಒಂದೆರಡು ಹಾಕಿದರೆ ಏನೂ ಇಲ್ಲ. ಹಸಿ ರಸ ಹಿಂಡಿ ಲೋಟಗಟ್ಟಲೆ ಕುಡಿದರೆ ಆಕ್ಸಲೇಟ್ ಹರಳು ಕಟ್ಟಿ ದೊಡ್ಡವರ ಒಳ್ಳೆಯ ಕಿಡ್ನಿಯೂ ನಿಲ್ಲುತ್ತದೆ.

ಹೆರಿಗೆ ಮಂಗಳೂರಿನಲ್ಲಿ, ಚುಚ್ಚುಮದ್ದು ಕಾಸರಗೋಡಿನಲ್ಲಿ ಆಗುವ ನಮ್ಮ ಕಡೆ ಹುಟ್ಟಿನ ದಾಖಲೆ ಕಳೆದುಹೋಗುವುದೇ ಹೆಚ್ಚು. ಡಿಸ್ಚಾರ್ಜ್ ಚೀಟಿಯ ಝೆರಾಕ್ಸ್ ಮಾಡಿಸಿ, ಫೈಲಿನ ಮೊದಲ ಪುಟದಲ್ಲೇ '32 ವಾರ, 1.6 ಕೆ.ಜಿ.' ಎಂದು ಬರೆದಿಡಿ. ಮುಂದೆ ಅವಳೇ ಬಸುರಿಯಾದಾಗ ನೋಡುವ ಡಾಕ್ಟರಿಗೂ ಈ ಎರಡು ಅಂಕಿ ಬೇಕಾಗುತ್ತವೆ.