ಬಿಸಿಲನಾಡಿನ ಮನೆಗಳಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡುವುದು ಎಲ್ಲಿಂದ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸಂಜೆ ಮನೆಯವರು ಬರುವಾಗ ಮಿರ್ಚಿ ಒಂದು ಕವರಿನಲ್ಲಿ, ಮಂಡಕ್ಕಿ ಒಗ್ಗರಣೆ ಇನ್ನೊಂದರಲ್ಲಿ, ಹೋಟೆಲಿನ ಚಹಾ ಮತ್ತೊಂದರಲ್ಲಿ ಬರುತ್ತದೆ. ಸಂತೆಗೆ ಹೋದರೆ ಕೊತ್ತಂಬರಿಗೊಂದು ಕವರು, ಟೊಮೆಟೊಗೊಂದು ಕವರು. ಕಡಿಮೆ ಮಾಡಬೇಕೆಂಬ ಆಸೆಯೇನೋ ಇದೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯದು. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ತೆಗೆದುಹಾಕಿ ಸ್ಟೀಲಿನವು ತರಲೇ?
– ಗೃಹಿಣಿ, ಬಳ್ಳಾರಿ

ಉತ್ತರ: ಡಬ್ಬಿಗಳನ್ನು ಎಸೆಯಬೇಡಿ ತಾಯಿ. ಅವು ಆಗಲೇ ತಯಾರಾಗಿ ನಿಮ್ಮ ಮನೆಗೆ ಬಂದಿವೆ. ಬೇಳೆ, ಸಕ್ಕರೆ, ರವೆಯಂಥ ಒಣ ಸಾಮಾನು ಹಾಕಿಟ್ಟರೆ ಇನ್ನೂ ಹತ್ತು ವರ್ಷ ಬಾಳುತ್ತವೆ. ಇದ್ದದ್ದನ್ನು ಕಸಕ್ಕೆ ಹಾಕಿ ಹೊಸದು ಕೊಂಡರೆ ಕಸ ಹೆಚ್ಚುತ್ತದೆ. ಒಡೆದಾಗ ಒಂದೊಂದಾಗಿ ಸ್ಟೀಲಿಗೆ ಬದಲಿಸಿ.

ನೀವು ಶುರು ಮಾಡಬೇಕಾದದ್ದು ಬಿಸಿ ಪದಾರ್ಥದಿಂದ. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ, ಕುದಿಯುವ ಸಾಂಬಾರು, ಸುಡುವ ಚಹಾ ಇವು ಕವರಿಗೆ ಬಿದ್ದಾಗ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುವುದು ಸುಲಭ. ಬಿಸಿಯ ಜೊತೆ ಎಣ್ಣೆಯೂ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ನಿಮ್ಮ ಮನೆಯವರ ಬೈಕಿನ ಡಿಕ್ಕಿಯಲ್ಲಿ ಒಂದು ಸ್ಟೀಲ್ ಡಬ್ಬಿ, ಒಂದು ಸಣ್ಣ ಥರ್ಮಾಸ್, ಮಡಿಸಿದ ಒಂದು ಬಟ್ಟೆ ಚೀಲ ಸದಾ ಇರಲಿ. ಮನೆಯ ಗೂಟಕ್ಕೆ ತೂಗುಹಾಕಿದ ಚೀಲ ಯಾರಿಗೂ ನೆನಪಾಗುವುದಿಲ್ಲ, ಗಾಡಿಯಲ್ಲೇ ಇದ್ದರೆ ಮರೆಯುವ ಪ್ರಶ್ನೆಯಿಲ್ಲ. ಮೊದಲ ಎರಡು ದಿನ ಬಂಡಿಯವರು ವಿಚಿತ್ರವಾಗಿ ನೋಡಬಹುದು. ಮೂರನೆಯ ದಿನ ಅವರೇ ‘ಡಬ್ಬಿ ಕೊಡ್ರಿ’ ಎನ್ನುತ್ತಾರೆ, ಕವರಿನ ದುಡ್ಡು ಅವರಿಗೂ ಉಳಿಯುತ್ತದಲ್ಲ. ಕವರು ಬಿಟ್ಟು ಹಳೆಯ ದಿನಪತ್ರಿಕೆಯಲ್ಲಿ ಮಿರ್ಚಿ ಕಟ್ಟಿಸಿಕೊಳ್ಳಬೇಡಿ, ಎಣ್ಣೆಗೆ ಅಚ್ಚಿನ ಮಸಿ ಬಿಡುತ್ತದೆ.

ಕಾಗದದ ಲೋಟದ ಚಹಾ ಪರವಾಗಿಲ್ಲ ಎಂದು ಹಲವರು ಭಾವಿಸಿದ್ದಾರೆ. ಆ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಚಹಾ ಸೋರಿಹೋಗುತ್ತಿತ್ತು. ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ಪರೀಕ್ಷಿಸಿದಾಗ, 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಆ ಲೋಟದಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುವುದು ಕಂಡುಬಂತು. ಗಾಜಿನ ಲೋಟದಲ್ಲಿ ಕೊಡುವ ಚಹಾದಂಗಡಿ ನಿಮ್ಮ ಊರಲ್ಲಿ ಇನ್ನೂ ಇವೆ. ಅಲ್ಲಿಗೇ ಹೋಗಿ.

ಇನ್ನು ಚೀಲದ ಮಾತು. ಅಂಗಡಿಗಳಲ್ಲಿ ‘ಬಟ್ಟೆ ಚೀಲ’ ಎಂದು ಕೊಡುವ ಬಣ್ಣಬಣ್ಣದ, ಮುಟ್ಟಿದರೆ ಒರಟಾಗಿರುವ ಚೀಲ ಬಟ್ಟೆಯದಲ್ಲ, ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅನುಮಾನವಿದ್ದರೆ ಅಂಚಿನ ಒಂದು ಎಳೆಯನ್ನು ಕಡ್ಡಿ ಗೀರಿ ಸುಟ್ಟು ನೋಡಿ. ಹತ್ತಿಯಾದರೆ ಬೂದಿಯಾಗುತ್ತದೆ, ಇದು ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ನಿಮಗೆ ಇಂಥ ಚೀಲ ಬೇಕೇ ಇಲ್ಲ. ಜೀನ್ಸ್ ಹೊಲಿಗೆಗೆ ಹೆಸರಾದ ಊರು ನಿಮ್ಮದು. ಹೊಲಿಯುವ ಮನೆಗಳಲ್ಲಿ ಉಳಿಯುವ ತುಂಡು ಬಟ್ಟೆ ಕೇಳಿ ತಂದು, ಎರಡು ತುಂಡು ಜೋಡಿಸಿ ಹಿಡಿ ಇಟ್ಟು ಹೊಲಿಸಿದರೆ ಐದು ಕಿಲೋ ಈರುಳ್ಳಿ ಹೊತ್ತರೂ ಹರಿಯದ ಚೀಲವಾಗುತ್ತದೆ. ನನ್ನ ಹತ್ತಿರ ಅಂಥದೊಂದು ಆರು ವರ್ಷದಿಂದ ಇದೆ, ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ. ಹಳೆಯ ಪಂಚೆ, ಕಾಟನ್ ಸೀರೆಯಲ್ಲಿ ಸಣ್ಣ ಸಣ್ಣ ಚೀಲ ಹೊಲಿದುಕೊಂಡರೆ ಕೊತ್ತಂಬರಿ, ಟೊಮೆಟೊ, ಹಸಿಮೆಣಸಿನಕಾಯಿ ಬೇರೆ ಬೇರೆ ಹಾಕಿಸಿಕೊಳ್ಳಬಹುದು. ಕೊತ್ತಂಬರಿಯನ್ನು ಒದ್ದೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟು ನೋಡಿ, ಕವರಿನಲ್ಲಿ ಕೊಳೆಯುವಂತೆ ಕೊಳೆಯುವುದಿಲ್ಲ.

ಒಂದು ಬೇಡಿಕೆ. ಮನೆಗೆ ಬಂದುಬಿಟ್ಟ ಕವರಿನಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ ಹಾಕಿ ಗಂಟು ಕಟ್ಟಿ ರಸ್ತೆಗೆ ಎಸೆಯಬೇಡಿ. ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ, ಕವರಿನ ಸಮೇತ ನುಂಗುತ್ತದೆ. ಅದು ಮೆಲುಕಿಗೂ ಬರದು, ಸಗಣಿಯಲ್ಲೂ ಹೋಗದು, ಹೊಟ್ಟೆಯ ಮೊದಲ ಕೋಣೆಯಲ್ಲೇ ಉಂಡೆಗಟ್ಟುತ್ತದೆ. ದನ ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಕೊನೆಗೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ. ಅಂಥ ಶಸ್ತ್ರಚಿಕಿತ್ಸೆಯನ್ನು ಒಮ್ಮೆ ಹತ್ತಿರ ನಿಂತು ನೋಡಿದ್ದೇನೆ. ಆ ವಾಸನೆ, ಆ ಹಸುವಿನ ಕಣ್ಣು ಮರೆತಿಲ್ಲ.

ಪ್ರಶ್ನೆ: ನಮ್ಮತ್ತಿ ದಿನಾ ನಸುಕಿನ್ಯಾಗ ಜಳಕದ ನೀರು ಕಾಸಾಕ ಹಾಲಿನ ಪಾಕೀಟು, ಚಿಪ್ಸಿನ ಪಾಕೀಟು ಹಾಕಿ ಒಲಿ ಹೊತ್ತಸ್ತಾರ. ಬ್ಯಾಡ ಅಂದ್ರ ‘ಒಲಿನೂ ಹತ್ತತೈತಿ, ಕಸಾನೂ ಹೋಗತೈತಿ’ ಅಂತಾರ. ಮನ್ಯಾಗ ಆರು ತಿಂಗಳ ಕೂಸೈತಿ. ಹೆಂಗ ತಿಳಿಸಿ ಹೇಳ್ಲಿ?
– ಓದುಗಿ, ಲಿಂಗಸುಗೂರು ತಾಲ್ಲೂಕು

ಉತ್ತರ: ತಂಗಿ, ನಿಮಗೆ ಬಂದ ಅನುಮಾನ ಸರಿಯಾಗಿದೆ. ಈ ಕಂತಿನ ಎಲ್ಲ ಪ್ರಶ್ನೆಗಳಲ್ಲಿ ಇದೇ ನನಗೆ ತೀರ ಮುಖ್ಯವೆನಿಸಿದ್ದು.

ಕಸ ಎಲ್ಲಿಗೂ ಹೋಗುವುದಿಲ್ಲ. ಹೊಗೆಯಾಗಿ ಮನೆಯವರ ಎದೆಗೂಡಿಗೆ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಹಾಲಿನ ಪಾಕೀಟು ಸರಿಯಾಗಿ ಉರಿಯದೆ ಕರಗಿ ಹೊಗೆಯಾಡುವಾಗ ಮಸಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಬರುತ್ತವೆ. ಒಲೆಗೆ ಹಳೆಯ ಪೈಪಿನ ತುಂಡು, ವೈರು, ರೆಕ್ಸಿನ್ ಬಿದ್ದರಂತೂ ಅವುಗಳಲ್ಲಿರುವ ಕ್ಲೋರಿನ್‌ನಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮೇವಿನ ಮೇಲೆ ಕುಳಿತು, ದನದ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನಲ್ಲಿ ತಿರುಗಿ ಮನೆಗೇ ಬರುತ್ತದೆ. ನಮ್ಮ ಕಡೆ ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುವ ರೂಢಿ ಇನ್ನೂ ಇದೆಯಲ್ಲ, ಪ್ಲಾಸ್ಟಿಕ್ ಸುಟ್ಟ ಬೂದಿಯಲ್ಲಿ ಕೂಸಿನ ಬಟ್ಟಲು ತಿಕ್ಕಿದರೆ ಏನಾಗುತ್ತದೆ ಯೋಚಿಸಿ. ದೊಡ್ಡವರಿಗಿಂತ ಕೂಸು ಉಸಿರಾಡುವ ವೇಗ ಹೆಚ್ಚು, ಮೈತೂಕ ಕಡಿಮೆ. ಅದೇ ಹೊಗೆ ಅದಕ್ಕೆ ಹೆಚ್ಚು ತಾಗುತ್ತದೆ.

ಆದರೆ ನಿಮ್ಮತ್ತೆಯವರ ಕಷ್ಟವೂ ನಿಜ. ನಸುಕಿನಲ್ಲಿ ಒಲೆ ಬೇಗ ಹತ್ತಬೇಕು. ಅದಕ್ಕೊಂದು ಉಪಾಯ ಕೊಡದೆ ಬರೀ ‘ಬೇಡ’ ಎಂದರೆ ಯಾರಾದರೂ ಹೇಗೆ ಕೇಳಿಯಾರು? ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡುಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಒಂದು ಚೀಲ ತುಂಬಿಡಿ. ಮಿರ್ಚಿ ಕರಿದು ಉಳಿದ ಎಣ್ಣೆಯನ್ನು ಒಂದೆರಡು ಬೆಂಡಿಗೆ ಸವರಿ ಒಲೆಯ ಬಾಯಿಗಿಟ್ಟು ಕಡ್ಡಿ ಗೀರಿದರೆ ಪಾಕೀಟಿಗಿಂತ ಚೆನ್ನಾಗಿ ಹೊತ್ತಿಕೊಳ್ಳುತ್ತದೆ, ಹೆಚ್ಚು ಹೊತ್ತೂ ಉರಿಯುತ್ತದೆ. ತೊಗರಿ ಕಟ್ಟಿಗೆ, ತೆಂಗಿನ ನಾರು ಕೂಡ ಆದೀತು. ನೀವು ಏನೂ ವಾದ ಮಾಡದೆ, ರಾತ್ರಿ ಮಲಗುವ ಮುಂಚೆ ನಾಲ್ಕು ಬೆಂಡು ಒಲೆಯ ಪಕ್ಕ ಇಟ್ಟುಬಿಡಿ. ಬೆಳಿಗ್ಗೆ ಅವರ ಕೈಗೆ ಮೊದಲು ಅದೇ ಸಿಗಲಿ.

ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಒಂದು ಅಂಚು ಅಂಟಿಕೊಂಡೇ ಇರಲಿ. ಉಗುರಿನಷ್ಟು ಗಾತ್ರದ ಆ ತುಂಡನ್ನು ಯಾರೂ ಆರಿಸುವುದಿಲ್ಲ, ಅದು ಮಣ್ಣಿಗೋ ಚರಂಡಿಗೋ ಸೇರುತ್ತದೆ. ಪಾಕೀಟು ತೊಳೆದು ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿ, ತಿಂಗಳದ್ದು ಕೂಡಿಸಿದರೆ ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಚಿಪ್ಸಿನ ಪಾಕೀಟಿನಲ್ಲಿ ಪ್ಲಾಸ್ಟಿಕ್, ಲೋಹದ ಪದರ ಒಂದಕ್ಕೊಂದು ಅಂಟಿರುವುದರಿಂದ ಗುಜರಿಯವರಿಗೆ ಬೇಡ. ಅದನ್ನು ಪಂಚಾಯಿತಿಯ ಕಸದ ಗಾಡಿಗೆ ಒಣಕಸವಾಗಿ ಕೊಡಿ, ಗ್ರಾಮದ ಸ್ವಚ್ಛ ಸಂಕೀರ್ಣದಲ್ಲಿ ವಿಂಗಡಿಸುತ್ತಾರೆ. ಅದಕ್ಕಿಂತ, ಕೂಸು ದೊಡ್ಡದಾದಾಗ ಅದರ ಕೈಗೆ ಚಿಪ್ಸಿನ ಬದಲು ಹುರಿದ ಶೇಂಗಾ ಕೊಡಿ.

ಪ್ರಶ್ನೆ: ರಾಯಚೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. 20 ಲೀಟರಿನ ಕ್ಯಾನು ತರಿಸುತ್ತೇವೆ, ಹೊರಗೆ ಹೋದಾಗ ಬಾಟಲಿ ನೀರು. ಬೋರ್‌ವೆಲ್ ನೀರು ಕುದಿಸಿ ಕುಡಿದರೆ ಪ್ಲಾಸ್ಟಿಕ್ಕೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ ಎಂದು ಗೆಳೆಯ ಹೇಳುತ್ತಾನೆ. ಹಾಗೆ ಮಾಡಬಹುದೇ?
– ವಿದ್ಯಾರ್ಥಿ, ರಾಯಚೂರು

ಉತ್ತರ: ಬೇಡ ತಮ್ಮಾ. ರಾಯಚೂರು, ಕೊಪ್ಪಳ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪ್ಲಾಸ್ಟಿಕ್ ಉಳಿಸಲು ಹೋಗಿ ಹಲ್ಲು, ಮೂಳೆ ಹಾಳುಮಾಡಿಕೊಳ್ಳುವುದು ಬೇಡ.

ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಸ್ಟೀಲಿನ ಕೊಡ ಅಥವಾ ಮುಚ್ಚಳದ ಕ್ಯಾನು ಒಯ್ಯಿರಿ. ತಂದ ನೀರನ್ನು ಮಣ್ಣಿನ ಗಡಿಗೆಗೆ ಹಾಕಿ, ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ. ನಮ್ಮ ಬಿಸಿಲಿನಲ್ಲಿ ಗಾಳಿ ಒಣದಾಗಿರುವುದರಿಂದ ಗಡಿಗೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ಒಳಗಿನ ನೀರು ಅಷ್ಟೇ ಬೇಗ ತಣ್ಣಗಾಗುತ್ತದೆ. ಕರಾವಳಿಯವರ ಗಡಿಗೆ ಇಷ್ಟು ತಣ್ಣಗಾಗುವುದಿಲ್ಲ. 20 ಲೀಟರಿನ ಕ್ಯಾನೇ ಗತಿ ಎಂದಾದರೆ, ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿಯ ಮುಂದೆ ಸಾಲಾಗಿ ಇಟ್ಟವನ್ನು ತರಿಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳೇ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ನಿಂತ ಕ್ಯಾನಿನ ಗತಿ ಕೇಳಬೇಕೆ?

ಬಾಟಲಿ ನೀರಿನ ಬಗ್ಗೆ ಒಂದು ಮಾತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಬಾಟಲಿ ನೀರಿನ ಒಂದು ಲೀಟರಿನಲ್ಲಿ ಸರಾಸರಿ 2,40,000 ಪ್ಲಾಸ್ಟಿಕ್ ಚೂರುಗಳು ಸಿಕ್ಕವು. ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣವು. ದೇಹದೊಳಗೆ ಅವು ಏನು ಮಾಡುತ್ತವೆ ಎಂಬ ಅಧ್ಯಯನ ನಡೆಯುತ್ತಲೇ ಇದೆ. ಒಂದು ಸ್ಟೀಲ್ ಬಾಟಲಿ ಬ್ಯಾಗಿನಲ್ಲಿ ಇಟ್ಟುಕೊಳ್ಳಲು ಆ ಫಲಿತಾಂಶಕ್ಕೆ ಕಾಯಬೇಕಿಲ್ಲ.

ಪ್ರಶ್ನೆ: ಮುಂದಿನ ತಿಂಗಳು ಮಗಳ ಮದುವೆ, 800 ಜನರ ಅಂದಾಜು. ಅಡುಗೆ ಗುತ್ತಿಗೆಯವರು ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ಪುಟ್ಟ ನೀರಿನ ಬಾಟಲಿ ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.
– ಓದುಗರು, ಕೊಪ್ಪಳ

ಉತ್ತರ: ಮಗಳ ಮದುವೆಗೆ ಶುಭವಾಗಲಿ. ತಟ್ಟೆ, ಲೋಟ, ಚಮಚ, ಬಾಟಲಿ ತಲೆಗೆ ನಾಲ್ಕು ಎಂದರೂ 3,200 ತುಂಡು ಕಸ, ಅದೂ ಒಂದೇ ಮಧ್ಯಾಹ್ನ. ಗುತ್ತಿಗೆಯವರಿಗೆ ನೀವು ಧೈರ್ಯವಾಗಿ ಹೇಳಬಹುದು. ಪ್ಲಾಸ್ಟಿಕ್ ಮತ್ತು ಥರ್ಮಾಕೋಲ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಕ್ಕೆ ನಿಷೇಧವಿದೆ. ಮಿಠಾಯಿ ಡಬ್ಬಿಗೂ ಲಗ್ನಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆ ಸಹ ಆ ಪಟ್ಟಿಯಲ್ಲಿದೆ.

ಸ್ಟೀಲ್ ತಟ್ಟೆಯೋ ಎಲೆಯೋ? ನೀರನ್ನು ನೋಡಿ ತೀರ್ಮಾನಿಸಿ. ಮಂಟಪದಲ್ಲಿ ನೀರು ಸಾಕಷ್ಟಿದ್ದರೆ ಬಾಡಿಗೆಯ ಸ್ಟೀಲ್ ತಟ್ಟೆಯೇ ಒಳ್ಳೆಯದು. ಟ್ಯಾಂಕರ್ ತರಿಸುವ ಪರಿಸ್ಥಿತಿಯಿದ್ದರೆ ಬಾಳೆಲೆ ಅಥವಾ ಮುತ್ತಲ ಎಲೆಯ ಪತ್ರೋಳಿ ಹಾಕಿಸಿ, ತೊಳೆಯುವ ಕೆಲಸವಿಲ್ಲ, ಬಾಳೆಲೆಯನ್ನು ದನ ತಿನ್ನುತ್ತವೆ, ಪತ್ರೋಳಿ ತಿಪ್ಪೆಯಲ್ಲಿ ಗೊಬ್ಬರವಾಗುತ್ತದೆ. ಪತ್ರೋಳಿ ಕೊಳ್ಳುವಾಗ ತಿರುಗಿಸಿ ನೋಡಿ. ಈಗ ಕೆಲವಕ್ಕೆ ಹಿಂದೆ ಪ್ಲಾಸ್ಟಿಕ್ ಹಾಳೆ ಒತ್ತಿರುತ್ತಾರೆ. ಬಾಳೆಲೆಯ ಚಿತ್ರ ಅಚ್ಚಾದ ಹಸಿರು ಕಾಗದಕ್ಕೂ ಪ್ಲಾಸ್ಟಿಕ್ ಲೇಪನವಿರುತ್ತದೆ. ನೀರಿಗೆ ಸ್ಟೀಲ್ ಲೋಟ, ಜಗ್ಗು ಹಿಡಿದು ಬಡಿಸಲು ನಾಲ್ಕು ಹುಡುಗರು ಸಾಕು. ಪುಟ್ಟ ಬಾಟಲಿಯಲ್ಲಿ ಎರಡು ಗುಟುಕು ಕುಡಿದು ಅರ್ಧಕ್ಕೆ ಬಿಟ್ಟುಹೋಗುವುದನ್ನು ಎಲ್ಲ ಮದುವೆಗಳಲ್ಲೂ ನೋಡುತ್ತೇವೆ. ಆ ನೀರೂ ಚರಂಡಿಗೇ.

ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಯವರು ರೊಟ್ಟಿ ತಂದು ದಾಸೋಹಕ್ಕೆ ಒಪ್ಪಿಸುವುದನ್ನು ನೀವು ನೋಡಿಯೇ ಇರುತ್ತೀರಿ. ಖಡಕ್ ರೊಟ್ಟಿಗೆ ಬುಟ್ಟಿ, ಬಿಳಿ ಬಟ್ಟೆ ಸಾಕು. ಮದುವೆಯ ಬುತ್ತಿಯನ್ನೂ ಹಾಗೇ ಕಟ್ಟಿ. ಬೀಗರಿಗೆ ತಾಂಬೂಲ ಕೊಡುವ ಚೀಲ ಹತ್ತಿಯದಿರಲಿ, ಮರುದಿನದಿಂದ ಅದು ಅವರ ಸಂತೆ ಚೀಲವಾಗುತ್ತದೆ.

ಪ್ರಶ್ನೆ: ಭತ್ತಕ್ಕೆ ಹೊಡೆದ ಔಷಧದ ಖಾಲಿ ಬಾಟಲಿಗಳನ್ನು ಏನು ಮಾಡುವುದು? ಕೂಲಿಯವರು ತೊಳೆದು ನೀರಿಗೆ ಒಯ್ಯುತ್ತಾರೆ.
– ರೈತರು, ಸಿಂಧನೂರು

ಉತ್ತರ: ದಯವಿಟ್ಟು ಕೊಡಲೇಬೇಡಿ. ಎಷ್ಟು ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಬಾಟಲಿ ಖಾಲಿಯಾದ ತಕ್ಷಣ ಕಾಲುಭಾಗ ನೀರು ಹಾಕಿ ಅಲುಗಾಡಿಸಿ ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಕೊಂಡ ಔಷಧವೂ ಬೆಳೆಗೇ ಸೇರುತ್ತದೆ. ಕಾಲುವೆಯ ದಂಡೆಯಲ್ಲಿ ಕುಳಿತು ತೊಳೆಯುವುದನ್ನು ನಿಲ್ಲಿಸಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ನಿಮ್ಮ ಭಾಗದ ಕೆರೆಗಳಿಗೆ ತುಂಬಿ ಕುಡಿಯಲು ಬರುವುದು. ಸುಡುವುದೂ ಬೇಡ, ಹೊಲದಲ್ಲಿ ಹೂಳುವುದೂ ಬೇಡ. ಒಂದು ಗೊಬ್ಬರದ ಚೀಲದಲ್ಲಿ ಬೇರೆಯೇ ಕೂಡಿಟ್ಟು, ಮುಂದಿನ ಸಲ ಔಷಧ ತರಲು ಹೋದಾಗ ಅಂಗಡಿಯವರಿಗೆ ವಾಪಸು ಒಯ್ದು ಕೇಳಿ. ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಹೊಣೆ ತಯಾರಕರದೂ ಹೌದು ಎಂದು ನಿಯಮವಿದೆ. ಚೀಲಕ್ಕೆ ಹಾಕುವ ಮುಂಚೆ ಪ್ರತಿ ಬಾಟಲಿಯ ತಳಕ್ಕೆ ಮೊಳೆಯಿಂದ ಎರಡು ತೂತು ಹೊಡೆಯಿರಿ. ಆಮೇಲೆ ಅದರಲ್ಲಿ ಯಾರೂ ನೀರು ತುಂಬಲಾರರು.